ಎಳೆದು ನೋಡುವ ಕೋಶ: ರೋಗನಿರೋಧಕ ವ್ಯವಸ್ಥೆಯಲ್ಲಿ ಯಾಂತ್ರಿಕ ಬಲ

ರಕ್ತದಲ್ಲಿ ಓಡಾಡುವ ಟಿ ಕೋಶ ಎಂಬ ಬಿಳಿ ರಕ್ತಕಣದ ವ್ಯಾಸ ಸುಮಾರು 7 ಮೈಕ್ರೋಮೀಟರ್. ಅದರ ಬಹುಭಾಗವನ್ನು ಕೋಶಕೇಂದ್ರವೇ ತುಂಬಿಕೊಂಡಿರುತ್ತದೆ. ಉಳಿದ ತೆಳುವಾದ ಅಂಚಿನಲ್ಲಿ, ಪೊರೆಗೆ ತಾಗಿದಂತೆ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಂಡಿರುತ್ತವೆ. ಒಂದು ಎಳೆಯ ದಪ್ಪ ಸುಮಾರು 7 ನ್ಯಾನೊಮೀಟರ್. ಈ ಎಳೆಗಳು ಒಂದು ತುದಿಯಲ್ಲಿ ಬೆಳೆಯುತ್ತ, ಇನ್ನೊಂದು ತುದಿಯಲ್ಲಿ ಕಳಚುತ್ತ ಇರುತ್ತವೆ. ಬೆಳೆಯುವ ತುದಿ ಪೊರೆಯನ್ನು ಹೊರಕ್ಕೆ ತಳ್ಳುತ್ತದೆ. ಎಳೆಗಳ ನಡುವೆ ಕೂತ ಮಯೋಸಿನ್ ಅಣುಗಳು ಅವನ್ನು ಜಾರಿಸಿ ಒಳಕ್ಕೆ ಸೆಳೆಯುತ್ತವೆ. ತೋಳಿನ ಸ್ನಾಯು ಬಿಗಿಯುವುದೂ ಇದೇ ಎರಡು ಪ್ರೋಟೀನುಗಳ ಕೆಲಸದಿಂದ. ಹೀಗೆ ಹುಟ್ಟುವ ಬಲ ಕೋಶವನ್ನು ನಡೆಸುತ್ತದೆ ಎಂಬುದು ಬಹುಕಾಲದಿಂದ ತಿಳಿದ ವಿಷಯ. ಎದುರಿಗಿರುವುದು ದೇಹದ್ದೋ ಹೊರಗಿನದೋ ಎಂದು ತೀರ್ಮಾನಿಸಲು, ಶತ್ರುವನ್ನು ಕೊಲ್ಲಲು, ಒಳ್ಳೆಯ ಪ್ರತಿಕಾಯವನ್ನು ಆರಿಸಲು ಕೂಡ ಅದೇ ಬಲ ಬೇಕು ಎಂಬುದು ಕಳೆದ ಎರಡು ದಶಕಗಳಲ್ಲಿ ಖಚಿತವಾಗುತ್ತ ಬಂದಿದೆ.

ಈ ಬಲದ ಅಳತೆ ಪಿಕೋನ್ಯೂಟನ್. ನೂರು ಗ್ರಾಂ ತೂಕವನ್ನು ಅಂಗೈ ಮೇಲೆ ಇಟ್ಟುಕೊಂಡಾಗ ತಗಲುವ ಬಲ ಸುಮಾರು ಒಂದು ನ್ಯೂಟನ್. ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲು ಒಂದು ಪಿಕೋನ್ಯೂಟನ್. ಒಂದು ಕೆಂಪು ರಕ್ತಕಣದ ತೂಕ ಹೆಚ್ಚುಕಡಿಮೆ ಇಷ್ಟೇ. ಒಂದು ಮಯೋಸಿನ್ ಅಣು ಕೆಲವೇ ಪಿಕೋನ್ಯೂಟನ್ ಬಲದಿಂದ ಎಳೆಯಬಲ್ಲದು. ಇಷ್ಟು ಸಣ್ಣ ಬಲಕ್ಕೆ ಲೆಕ್ಕವೇ ಇಲ್ಲ ಎಂದು ತೋರಬಹುದು. ಆದರೆ ಎರಡು ಪ್ರೋಟೀನುಗಳು ಪರಸ್ಪರ ಹಿಡಿದುಕೊಳ್ಳುವ ಹಿಡಿತ ಕೂಡ ಇದೇ ಪ್ರಮಾಣದ್ದು. ಆದ್ದರಿಂದ ಹತ್ತು ಪಿಕೋನ್ಯೂಟನ್ ಎಳೆತ ಒಂದು ಬಂಧವನ್ನು ಮುರಿಯಬಹುದು, ಉಳಿಸಬಹುದು, ಮಡಚಿಕೊಂಡ ಪ್ರೋಟೀನನ್ನು ಬಿಚ್ಚಲೂಬಹುದು.

ಬಲದ ಪಾತ್ರ ಮೊದಲು ಸ್ಪಷ್ಟವಾಗಿ ಕಂಡದ್ದು ರಕ್ತನಾಳದ ಗೋಡೆಯ ಮೇಲೆ. ಗಾಯ ಅಥವಾ ಸೋಂಕು ಆದ ಜಾಗದಲ್ಲಿ ನಾಳದ ಒಳಗೋಡೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಹೊರಚಾಚುತ್ತದೆ. ರಕ್ತದೊಡನೆ ಸಾಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅವಕ್ಕೆ ತಗುಲಿ, ಗೋಡೆಯ ಮೇಲೆ ನಿಧಾನವಾಗಿ ಉರುಳುತ್ತವೆ. ಆಮೇಲೆ ಇಂಟೆಗ್ರಿನ್ ಎಂಬ ಗಟ್ಟಿ ಹಿಡಿತದ ಪ್ರೋಟೀನುಗಳ ನೆರವಿನಿಂದ ನಿಂತು, ನಾಳದಿಂದ ಹೊರಗೆ ನುಸುಳುತ್ತವೆ. ಇಲ್ಲೊಂದು ವಿಚಿತ್ರವಿತ್ತು. ರಕ್ತದ ಹರಿವು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಕೋಶಗಳು ಗೋಡೆಯಿಂದ ಕಳಚಿಕೊಳ್ಳುತ್ತಿದ್ದವು. ಹರಿವು ಹೆಚ್ಚಿ ಎಳೆತ ಜಾಸ್ತಿಯಾದಾಗ ಹಿಡಿತ ಬಲವಾಗುತ್ತಿತ್ತು. ಎಳೆದರೆ ಬಂಧ ಬೇಗ ಬಿಡಬೇಕು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ತದ್ವಿರುದ್ಧ.

ಎಳೆದಾಗ ಆಯಸ್ಸು ಹೆಚ್ಚುವ ಬಂಧ ಸಾಧ್ಯ ಎಂದು ಮೈಕಾ ಡೆಂಬೊ ಮತ್ತು ಸಂಗಡಿಗರು 1988ರಲ್ಲೇ ಗಣಿತದ ಮೂಲಕ ತೋರಿಸಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ಕ್ಯಾಚ್ ಬಾಂಡ್. ಹದಿನೈದು ವರ್ಷ ಅದು ಕಾಗದದ ಮೇಲೆಯೇ ಉಳಿಯಿತು. 2003ರಲ್ಲಿ ಜಾರ್ಜಿಯ ಟೆಕ್‌ನ ಚೆಂಗ್ ಝು ಮತ್ತು ಒಕ್ಲಹೋಮದ ರಾಡ್ಜರ್ ಮೆಕೆವರ್ ಅವರ ತಂಡಗಳು ಪಿ-ಸೆಲೆಕ್ಟಿನ್ ಅಣುವನ್ನು ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಹಿಡಿದೆಳೆದು ಅದನ್ನು ಪ್ರಯೋಗದಲ್ಲಿ ಕಂಡವು. ಜೀರುಗುಣಿಕೆ ಎಳೆದಷ್ಟೂ ಬಿಗಿಯುವ ಹಾಗೆ, ಬಲ ಏರುತ್ತ ಹೋದಂತೆ ಆ ಬಂಧ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಒಂದು ಮಿತಿ ದಾಟಿದ ಮೇಲೆ ಮಾತ್ರ ಬೇಗ ಹರಿಯುತ್ತಿತ್ತು. ನಿಂತ ರಕ್ತದಲ್ಲಿ ಬಿಳಿಕಣಗಳು ಅನಗತ್ಯವಾಗಿ ಗೋಡೆಗೆ ಅಂಟದಿರುವುದಕ್ಕೂ ಹರಿಯುವ ರಕ್ತದಲ್ಲಿ ಕೈಬಿಡದಿರುವುದಕ್ಕೂ ಇದೊಂದೇ ಗುಣ ಸಾಕಾಗುತ್ತದೆ.

ನಾಳದಿಂದ ಹೊರಬಿದ್ದ ಕೋಶ ಮುಂದೆ ತನಗಿಂತ ಸಣ್ಣ ಸಂದುಗಳಲ್ಲಿ ತೂರಬೇಕು. ಆಕ್ಟಿನ್ ಬಲೆ ಹೇಗೆ ಬೇಕಾದರೂ ಬಾಗುತ್ತದೆ. ಬಾಗದೆ ಅಡ್ಡ ನಿಲ್ಲುವುದು ಕೋಶಕೇಂದ್ರ. ನ್ಯೂಟ್ರೋಫಿಲ್‌ನ ಕೋಶಕೇಂದ್ರ ಮೂರರಿಂದ ಐದು ಹಾಲೆಗಳಾಗಿ ಒಡೆದುಕೊಂಡಿರುವುದೂ ಅದನ್ನು ಸುತ್ತುವ ಲ್ಯಾಮಿನ್-ಎ ಎಂಬ ಪ್ರೋಟೀನಿನ ಪದರ ತೀರ ತೆಳುವಾಗಿರುವುದೂ ಈ ನುಸುಳಾಟಕ್ಕೆ ಅನುಕೂಲ. ಉಳಿದ ಕೋಶಗಳಿಗೆ ಅಷ್ಟು ಸುಲಭವಿಲ್ಲ. ಕಿರಿದಾದ ದಾರಿಯಲ್ಲಿ ತೂರುವಾಗ ಕೋಶಕೇಂದ್ರದ ಪೊರೆ ಹರಿಯುತ್ತದೆ, ಕೋಶ ಅದಕ್ಕೆ ಕೂಡಲೇ ತೇಪೆ ಹಾಕುತ್ತದೆ ಎಂದು 2016ರಲ್ಲಿ ಪ್ಯಾರಿಸ್‌ನ ಮತ್ತು ಅಮೆರಿಕದ ಎರಡು ತಂಡಗಳು ಏಕಕಾಲಕ್ಕೆ ವರದಿ ಮಾಡಿದವು.

ಬಲ ಮತ್ತು ತೀರ್ಮಾನದ ನಂಟು ಅತಿ ಆಳವಾಗಿರುವುದು ಟಿ ಕೋಶದಲ್ಲಿ. ದುಗ್ಧಗ್ರಂಥಿಯೊಳಗೆ ಟಿ ಕೋಶ ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್ ವೇಗದಲ್ಲಿ ತೆವಳುತ್ತ, ಎದುರಾದ ಕೋಶಗಳ ಮೈಯನ್ನು ತಡವುತ್ತ ಸಾಗುತ್ತದೆ. ಆ ಕೋಶಗಳು ಎಂಎಚ್‌ಸಿ ಎಂಬ ಪ್ರೋಟೀನಿನ ಮೇಲೆ ಪೆಪ್ಟೈಡ್ ಚೂರುಗಳನ್ನಿಟ್ಟು ಹೊರಗೆ ತೋರಿಸುತ್ತಿರುತ್ತವೆ. ಒಂದು ಕೋಶದ ಮೈಮೇಲೆ ಇಂಥ ಲಕ್ಷಕ್ಕೂ ಮಿಕ್ಕ ಜೋಡಿಗಳಿರಬಹುದು. ಅವುಗಳಲ್ಲಿ ಬಹುತೇಕ ಎಲ್ಲವೂ ದೇಹದ ಸ್ವಂತ ಪ್ರೋಟೀನುಗಳ ಚೂರುಗಳು. ವೈರಾಣುವಿಗೆ ಸೇರಿದವು ನಾಲ್ಕಾರು ಮಾತ್ರ ಇದ್ದರೂ ಇರಬಹುದು. ಟಿ ಕೋಶ ಆ ನಾಲ್ಕಾರನ್ನು ಪತ್ತೆಹಚ್ಚುತ್ತದೆ; ಉಳಿದ ಲಕ್ಷವನ್ನು ಸುಮ್ಮನೆ ದಾಟಿ ಹೋಗುತ್ತದೆ. ತಪ್ಪಿ ಅವುಗಳ ಮೇಲೆ ಬಿದ್ದರೆ ರೋಗನಿರೋಧಕ ವ್ಯವಸ್ಥೆಯೇ ದೇಹವನ್ನು ಸುಡುವ ಕಾಯಿಲೆಗಳು ಹುಟ್ಟುತ್ತವೆ.

ಈ ನಿಖರತೆಗೆ ರಸಾಯನಶಾಸ್ತ್ರ ಕೊಟ್ಟ ವಿವರಣೆ ಅಪೂರ್ಣವಾಗಿತ್ತು. ಟಿ ಕೋಶದ ಮೈಮೇಲಿನ ಗ್ರಾಹಿ ಎಂಬ ಪ್ರೋಟೀನು ತನ್ನ ನಿಜವಾದ ಗುರಿಯನ್ನು ಹಿಡಿಯುವ ಹಿಡಿತ ಕೂಡ ದುರ್ಬಲವೇ. ಪ್ರತಿಕಾಯಗಳು ತಮ್ಮ ಗುರಿಯಾದ ಪ್ರತಿಜನಕವನ್ನು ಹಿಡಿಯುವುದಕ್ಕೆ ಹೋಲಿಸಿದರೆ ಬಹಳ ಸಡಿಲ. ಕೆಲವು ಸೆಕೆಂಡುಗಳಲ್ಲಿ ಅದು ತಾನಾಗಿ ಬಿಟ್ಟುಹೋಗುತ್ತದೆ. ಸರಿಯಾದ ಪೆಪ್ಟೈಡಿಗೂ ಒಂದೇ ಅಮೈನೊ ಆಮ್ಲ ಬದಲಾದ ಪೆಪ್ಟೈಡಿಗೂ ಈ ಅವಧಿಯಲ್ಲಿರುವ ವ್ಯತ್ಯಾಸ ಸಣ್ಣದು, ಕೋಶದ ಪ್ರತಿಕ್ರಿಯೆಯಲ್ಲಿರುವ ವ್ಯತ್ಯಾಸ ಅಗಾಧ. ಬಂಧ ಸಾಕಷ್ಟು ಹೊತ್ತು ಉಳಿದರೆ ಮಾತ್ರ ಗ್ರಾಹಿಯ ಒಳಬದಿಯ ರಾಸಾಯನಿಕ ಹಂತಗಳೆಲ್ಲ ಮುಗಿದು ಸಂದೇಶ ಹೊರಡುತ್ತದೆ ಎಂದು ತಿಮೊತಿ ಮೆಕೀಥನ್ 1995ರಲ್ಲಿ ವಾದಿಸಿದರು. ಆ ವಾದ ಇಂದಿಗೂ ನಿಂತಿದೆ. ಆದರೆ ಸಣ್ಣ ವ್ಯತ್ಯಾಸ ದೊಡ್ಡದಾಗುವುದು ಹೇಗೆ ಎಂಬುದಕ್ಕೆ ಅದರಲ್ಲಿ ಪೂರ್ತಿ ಉತ್ತರವಿರಲಿಲ್ಲ.

ಎಳೆತವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಚಿತ್ರ ಬದಲಾಯಿತು. ಟಿ ಕೋಶ ನಿಂತು ಪರೀಕ್ಷಿಸುವುದಿಲ್ಲ. ಗ್ರಾಹಿ ಗುರಿಯನ್ನು ಹಿಡಿದ ಹೊತ್ತಿಗೆ ಅದರ ಹಿಂದಿನ ಆಕ್ಟಿನ್ ಬಲೆ ಹಿಂದಕ್ಕೆ ಹರಿಯುತ್ತಿರುತ್ತದೆ, ಕೋಶವೂ ಸರಿಯುತ್ತಿರುತ್ತದೆ. ಹಾಗಾಗಿ ಪ್ರತಿ ಹಿಡಿತದ ಮೇಲೂ ಎಳೆತ ಬೀಳುತ್ತದೆ. ಎಲ್ಲಿಸ್ ರೈನ್‌ಹರ್ಜ್ ಮತ್ತು ಮ್ಯಾಥ್ಯೂ ಲ್ಯಾಂಗ್ ಅವರ ತಂಡ 2009ರಲ್ಲಿ ಲೇಸರ್ ಕಿರಣದಲ್ಲಿ ಸಿಕ್ಕಿಸಿದ ಸೂಕ್ಷ್ಮ ಮಣಿಗೆ ಗುರಿ ಅಣುಗಳನ್ನು ಹಚ್ಚಿ, ಅದನ್ನು ಟಿ ಕೋಶಕ್ಕೆ ತಗುಲಿಸಿತು. ಮಣಿಯನ್ನು ಕೋಶದ ಮೈಯುದ್ದಕ್ಕೂ ಓರೆಯಾಗಿ ಎಳೆದಾಗ ಕೋಶ ಎಚ್ಚೆತ್ತು, ಅದರೊಳಗೆ ಕ್ಯಾಲ್ಸಿಯಂ ಏರಿತು. ನೇರ ಲಂಬವಾಗಿ ಎಳೆದರೆ ಅಂಥ ಪರಿಣಾಮ ಕಾಣಲಿಲ್ಲ. 2017ರಲ್ಲಿ ಇದೇ ತಂಡ ಇನ್ನೂ ಮುಂದಕ್ಕೆ ಹೋಯಿತು. ಒಂದು ಗ್ರಾಹಿಗೆ ಸುಮಾರು 10 ಪಿಕೋನ್ಯೂಟನ್ ಓರೆ ಎಳೆತ ಸಿಕ್ಕರೆ, ಎರಡೇ ಎರಡು ಗುರಿ ಅಣುಗಳಿಂದಲೂ ಕೋಶ ಪ್ರಚೋದನೆಗೊಂಡಿತು. ಎಳೆತವಿಲ್ಲದಾಗ ಅದಕ್ಕೆ ಹಲವು ಸಾವಿರ ಪಟ್ಟು ಅಣುಗಳು ಬೇಕಾದವು. ಎರಡು ಅಣುಗಳ ಈ ಫಲಿತಾಂಶ ಇಡೀ ಕ್ಷೇತ್ರದ ಅತ್ಯಂತ ಮುಖ್ಯ ಪ್ರಯೋಗಗಳಲ್ಲಿ ಒಂದು. ಸೋಂಕಿನ ಮೊದಲ ಗಂಟೆಗಳಲ್ಲಿ ಟಿ ಕೋಶಕ್ಕೆ ಸಿಗುವ ಸಾಕ್ಷ್ಯವೂ ಅಷ್ಟೇ ಅಲ್ಪ.

ಇದರ ನಡುವೆ, 2014ರಲ್ಲಿ, ಚೆಂಗ್ ಝು ಅವರ ತಂಡ ಟಿ ಕೋಶದ ಗ್ರಾಹಿಯಲ್ಲೂ ಕ್ಯಾಚ್ ಬಾಂಡ್ ಇದೆ ಎಂದು ವರದಿ ಮಾಡಿತ್ತು. ಕೋಶವನ್ನು ಪ್ರಚೋದಿಸಬಲ್ಲ ಪೆಪ್ಟೈಡ್ ಎದುರಾದಾಗ, ಎಳೆತ ಏರಿದಂತೆ ಬಂಧದ ಆಯಸ್ಸೂ ಏರಿ ಸುಮಾರು 10 ಪಿಕೋನ್ಯೂಟನ್ ಹೊತ್ತಿಗೆ ಶಿಖರ ಮುಟ್ಟುತ್ತದೆ. ಪ್ರಚೋದಿಸದ ಪೆಪ್ಟೈಡಿನ ಬಂಧವಾದರೋ ಎಳೆದ ಕೂಡಲೆ ಬೇಗ ಬೇಗ ಹರಿಯುತ್ತದೆ. ಅಂದರೆ ಎಳೆತವಿಲ್ಲದಾಗ ಹೆಚ್ಚುಕಡಿಮೆ ಸಮನಾಗಿ ಕಾಣುವ ಎರಡು ಬಂಧಗಳು ಎಳೆತ ಬಿದ್ದೊಡನೆ ಎರಡು ದಿಕ್ಕಿಗೆ ಹೋಗುತ್ತವೆ. ಮೆಕೀಥನ್ ಹೇಳಿದ ಕಾಲಾವಧಿಯ ಪರೀಕ್ಷೆಯಲ್ಲಿ ಒಂದು ಪಾಸಾಗುತ್ತದೆ, ಇನ್ನೊಂದು ಆರಂಭದಲ್ಲೇ ಬೀಳುತ್ತದೆ.

ಹೊರಗಿನಿಂದ ಎಳೆದಾಗ ಹೀಗೆ. ಕೋಶ ತಾನಾಗಿ ಅಷ್ಟು ಬಲ ಹಾಕುತ್ತದೆಯೇ ಎಂಬುದನ್ನು ಕಾಣಿಸಿದ ಉಪಾಯ ಸರಳವೂ ಸುಂದರವೂ ಆದದ್ದು. ಡಿಎನ್‌ಎಯ ಒಂದು ಸಣ್ಣ ತುಂಡನ್ನು ತನ್ನಷ್ಟಕ್ಕೆ ಮಡಚಿಕೊಳ್ಳುವಂತೆ ರಚಿಸುತ್ತಾರೆ. ಅದರ ಒಂದು ತುದಿಗೆ ಹೊಳೆಯುವ ಬಣ್ಣ, ಇನ್ನೊಂದು ತುದಿಗೆ ಆ ಹೊಳಪನ್ನು ನಂದಿಸುವ ಅಣು. ಮಡಚಿದ್ದಾಗ ಎರಡೂ ಪಕ್ಕಪಕ್ಕ ಇರುವುದರಿಂದ ಬೆಳಕಿಲ್ಲ. ಒಂದು ತುದಿಯನ್ನು ಗಾಜಿಗೆ ಕಟ್ಟಿ, ಇನ್ನೊಂದಕ್ಕೆ ಟಿ ಕೋಶದ ಗುರಿ ಅಣುವನ್ನು ಜೋಡಿಸಿ, ಮೇಲೆ ಕೋಶವನ್ನು ಬಿಡುತ್ತಾರೆ. ಕೋಶ ಗುರಿಯನ್ನು ಹಿಡಿದು ನಿಗದಿತ ಬಲ ಮೀರಿ ಎಳೆದರೆ ಮಡಿಕೆ ಬಿಚ್ಚಿ, ಆ ಚುಕ್ಕೆ ಬೆಳಗುತ್ತದೆ. ಡಿಎನ್‌ಎ ಅಕ್ಷರಗಳ ಜೋಡಣೆ ಬದಲಿಸಿದರೆ ಬಿಚ್ಚಲು ಬೇಕಾದ ಬಲವೂ ಬದಲಾಗುತ್ತದೆ. ಎಮರಿ ವಿಶ್ವವಿದ್ಯಾಲಯದ ಖಾಲಿದ್ ಸಲೈತ ಅವರ ತಂಡ 2016ರಲ್ಲಿ ಈ ವಿಧಾನದಿಂದ, ಟಿ ಕೋಶ ಗುರಿಯನ್ನು ಮುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಗ್ರಾಹಿಯ ಮೂಲಕ 12ರಿಂದ 19 ಪಿಕೋನ್ಯೂಟನ್ ಬಲ ಹಾಕುತ್ತದೆ ಎಂದು ಅಳೆಯಿತು. 12 ಪಿಕೋನ್ಯೂಟನ್‌ಗೇ ಹರಿದುಹೋಗುವ ದಾರದಲ್ಲಿ ಗುರಿಯನ್ನು ಕಟ್ಟಿದಾಗ, ಸರಿಯಾದ ಪೆಪ್ಟೈಡನ್ನೂ ತುಸು ಬದಲಾದ ಪೆಪ್ಟೈಡನ್ನೂ ಬೇರ್ಪಡಿಸುವ ಕೋಶದ ಸಾಮರ್ಥ್ಯ ಕುಗ್ಗಿತು. ಎಳೆತವನ್ನು ಕಸಿದುಕೊಂಡರೆ ವಿವೇಚನೆಯೂ ಮಂಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಹಾಗೆಂದು ಈ ವಿಷಯದಲ್ಲಿ ಒಮ್ಮತ ಮೂಡಿದೆ ಎಂದು ಬರೆಯುವಂತಿಲ್ಲ. ಶುದ್ಧೀಕರಿಸಿದ ಪ್ರೋಟೀನುಗಳನ್ನು ಮಾತ್ರ ಇಟ್ಟುಕೊಂಡು ಅಳೆದ ಫ್ರಾನ್ಸಿನ ತಂಡವೊಂದಕ್ಕೆ 2019ರಲ್ಲಿ ಕ್ಯಾಚ್ ಬಾಂಡ್ ಕಾಣಲಿಲ್ಲ. ಗುರಿ ಅಣುಗಳನ್ನು ಗಾಜಿಗೆ ಬಿಗಿಯದೆ ಪೊರೆಯ ಮೇಲೆ ತೇಲಲು ಬಿಟ್ಟು ಅಳೆದ ವಿಯೆನ್ನಾದ ಸಂಶೋಧಕರಿಗೆ ಸಿಕ್ಕ ಬಲ 2 ಪಿಕೋನ್ಯೂಟನ್ ಆಸುಪಾಸು ಮಾತ್ರ. ಗಾಜಿಗೆ ಕಟ್ಟಿದ ಅಣು ಎಳೆದರೆ ಬರುವುದಿಲ್ಲ, ತೇಲುವ ಅಣು ಎಳೆದತ್ತ ಜಾರುತ್ತದೆ. ಆದ್ದರಿಂದ ಅಳತೆಗಳು ಬೇರೆಯಾಗುವುದು ಸಹಜ. ನಿಜವಾದ ಕೋಶದ ಮೈ ಇವೆರಡರ ನಡುವಿನದು: ಅದರ ಪ್ರೋಟೀನುಗಳಲ್ಲಿ ಕೆಲವು ತೇಲುತ್ತವೆ, ಕೆಲವು ಒಳಗಿನ ಆಕ್ಟಿನ್ನಿಗೆ ಕಟ್ಟಿಕೊಂಡಿರುತ್ತವೆ. ಬಲ ಕೆಲಸ ಮಾಡುತ್ತದೆ ಎಂಬುದರಲ್ಲಿ ಈಗ ಹೆಚ್ಚಿನ ವಿವಾದವಿಲ್ಲ; ಎಷ್ಟು ಬಲ, ಯಾವ ಘಟ್ಟದಲ್ಲಿ ಎಂಬುದರಲ್ಲಿದೆ.

ಗುರಿ ಖಚಿತವಾದ ಮೇಲೆ ಟಿ ಕೋಶ ನಿಂತು, ಎದುರಿನ ಕೋಶದ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಎರಡು ಕೋಶಗಳ ನಡುವಿನ ಈ ಸಂಧಿಯಲ್ಲಿ ಅಣುಗಳು ವೃತ್ತಾಕಾರದ ವಲಯಗಳಾಗಿ ಜೋಡಿಸಿಕೊಳ್ಳುವುದನ್ನು ಅಬ್ರಹಾಂ ಕುಪ್ಫರ್ ಅವರ ಗುಂಪು 1998ರಲ್ಲಿ ಚಿತ್ರಿಸಿತು. ಹೊರ ಅಂಚಿನಲ್ಲಿ ಆಕ್ಟಿನ್ ಬೆಳೆಯುತ್ತ ಕೇಂದ್ರದ ಕಡೆಗೆ ಹರಿಯುತ್ತದೆ. ಗ್ರಾಹಿಗಳ ಗುಂಪುಗಳು ಆ ಹರಿವಿನೊಡನೆ ಒಳಕ್ಕೆ ಸಾಗುತ್ತವೆ. ಒಟ್ಟು ಹರಿವಲ್ಲದೆ, ಒಂದೊಂದು ಗ್ರಾಹಿ ಗುಂಪಿನ ಜಾಗದಲ್ಲೇ ಆಕ್ಟಿನ್‌ನ ಸಣ್ಣ ಪುಂಜಗಳು ಎದ್ದು, ಸಂದೇಶ ಮುಂದೆ ಸಾಗಲು ನೆರವಾಗುತ್ತವೆ ಎಂದು 2015ರಲ್ಲಿ ತೋರಿಸಿದವರು ಸುಧಾ ಕುಮಾರಿ ಮತ್ತು ಸಹೋದ್ಯೋಗಿಗಳು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿಷಯಕ್ಕೆ ಪ್ರಯೋಗಾಲಯ ಕಟ್ಟಿದರು.

ಕೊಲ್ಲುವ ಟಿ ಕೋಶದಲ್ಲಿ ಬಲ ಆಯುಧದ ಭಾಗವೇ ಆಗುತ್ತದೆ. ಅದು ಸಂಧಿಯೊಳಕ್ಕೆ ಪರ್ಫೊರಿನ್ ಮತ್ತು ಗ್ರಾನ್ಜೈಮ್ ಎಂಬ ಪ್ರೋಟೀನುಗಳನ್ನು ಸುರಿಯುತ್ತದೆ. ಪರ್ಫೊರಿನ್ ಎದುರಾಳಿಯ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಗ್ರಾನ್ಜೈಮ್ ಒಳಹೊಕ್ಕು ಸಾವಿನ ಸರಣಿಗೆ ಚಾಲನೆ ಕೊಡುತ್ತದೆ. ನ್ಯೂಯಾರ್ಕಿನ ಮೋರ್ಗನ್ ಹ್ಯೂಸ್ ಅವರ ತಂಡ ಕೊಲ್ಲುವ ಕೋಶಗಳನ್ನು ಮೆತ್ತನೆಯ ಸೂಕ್ಷ್ಮ ಕಂಬಗಳ ಮೇಲೆ ಕೂರಿಸಿ, ಕಂಬಗಳು ಬಾಗುವುದರಿಂದ ಬಲವನ್ನು ಲೆಕ್ಕಹಾಕಿ 2016ರಲ್ಲಿ ಪ್ರಕಟಿಸಿತು. ಕೋಶ ಎಲ್ಲಿ ಬಲ ಹಾಕುತ್ತಿತ್ತೋ ಅಲ್ಲೇ ತನ್ನ ವಿಷದ ಚೀಲಗಳನ್ನೂ ಖಾಲಿ ಮಾಡುತ್ತಿತ್ತು. ಎದುರಾಳಿಯ ಪೊರೆ ಬಿಗಿದಷ್ಟೂ ಪರ್ಫೊರಿನ್ ಸುಲಭವಾಗಿ ರಂಧ್ರ ಮಾಡುತ್ತದೆ ಎಂಬುದೂ ಆಗ ಗೊತ್ತಾಯಿತು.

ಇದರ ಮರುಮುಖ ಕ್ಯಾನ್ಸರಿನಲ್ಲಿ ಕಾಣುತ್ತದೆ. ಹಲವು ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ ಮೃದು. ಅವುಗಳ ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದು ಒಂದು ಕಾರಣ. ಮೃದುವಾದದ್ದರ ಮೇಲೆ ಟಿ ಕೋಶಕ್ಕೆ ಹೆಚ್ಚು ಬಲ ಹಾಕಲು ಆಗುವುದಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಲಿ ತಾಂಗ್ ಅವರ ಗುಂಪು 2021ರಲ್ಲಿ ಕ್ಯಾನ್ಸರ್ ಕೋಶಗಳ ಕೊಲೆಸ್ಟರಾಲ್ ಇಳಿಸಿ ಅವನ್ನು ಗಡುಸು ಮಾಡಿದಾಗ ಟಿ ಕೋಶಗಳು ಅವನ್ನು ಹೆಚ್ಚು ಚೆನ್ನಾಗಿ ಕೊಂದವು. ಅದೇ ವರ್ಷ ಹ್ಯೂಸ್ ತಂಡವೂ ಇನ್ನೊಂದು ದಾರಿಯಿಂದ ಇಂಥದೇ ತೀರ್ಮಾನಕ್ಕೆ ಬಂತು: ಬೇರೆ ಅಂಗಗಳಿಗೆ ಹರಡಲು ನೆರವಾಗುವ ಬದಲಾವಣೆಗಳೇ ಕೆಲವು ಕ್ಯಾನ್ಸರ್ ಕೋಶಗಳನ್ನು ಗಡುಸಾಗಿಸಿ, ಕೊಲ್ಲುವ ಕೋಶಗಳಿಗೆ ಸುಲಭದ ತುತ್ತಾಗಿಸುತ್ತವೆ.

ಪ್ರತಿಕಾಯ ತಯಾರಿಸುವ ಬಿ ಕೋಶಗಳ ಎಳೆತಕ್ಕೆ ಉದ್ದೇಶ ಬೇರೆ. ಅವು ಪ್ರತಿಜನಕವನ್ನು ಇನ್ನೊಂದು ಕೋಶದ ಮೈಯಿಂದ ಮಯೋಸಿನ್ ಬಲದಿಂದ ಕಿತ್ತು ಒಳಗೆ ತೆಗೆದುಕೊಳ್ಳುತ್ತವೆ ಎಂದು ಲಂಡನ್ನಿನ ಪಾವೆಲ್ ತೋಲರ್ ಅವರ ಗುಂಪು 2013ರಲ್ಲಿ ತೋರಿಸಿತು. ಗ್ರಾಹಿಯ ಹಿಡಿತ ದುರ್ಬಲವಾಗಿದ್ದರೆ ಕೀಳುವ ಮೊದಲೇ ಬಂಧ ಬಿಡುತ್ತದೆ, ಆ ಬಿ ಕೋಶಕ್ಕೆ ಏನೂ ದಕ್ಕುವುದಿಲ್ಲ. ಬಲವಾದ ಹಿಡಿತವಿರುವವು ಮಾತ್ರ ಪ್ರತಿಜನಕವನ್ನು ಪಡೆದು, ಟಿ ಕೋಶಗಳ ನೆರವು ಗಳಿಸಿ, ವೃದ್ಧಿಯಾಗುತ್ತವೆ. ಲಸಿಕೆಯ ನಂತರದ ವಾರಗಳಲ್ಲಿ ಪ್ರತಿಕಾಯಗಳ ಗುಣ ಏರುತ್ತ ಹೋಗುವುದಕ್ಕೆ ಈ ಜರಡಿಯೂ ಒಂದು ಕಾರಣ. ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲೂ ಗಡಸುತನದ ಗುರುತು ಉಂಟು: ಒಂದೇ ಗಾತ್ರದ, ಒಂದೇ ಪ್ರತಿಕಾಯ ಹಚ್ಚಿದ ಮಣಿಗಳಲ್ಲಿ ಅವು ಮೆತ್ತಗಿರುವುದಕ್ಕಿಂತ ಗಟ್ಟಿಯಾದುದನ್ನು ಹೆಚ್ಚು ನುಂಗುತ್ತವೆ.

ಕೋಶ ತಾನು ಹಾಕುವ ಬಲದಂತೆಯೇ ತನ್ನ ಮೇಲೆ ಬೀಳುವ ಒತ್ತಡವನ್ನೂ ಅರಿಯಬೇಕು. ಪೊರೆ ಹಿಗ್ಗಿದಾಗ ತೆರೆದುಕೊಂಡು ಕ್ಯಾಲ್ಸಿಯಂ ಒಳಬಿಡುವ ಪಿಯೆಜೊ1 ಎಂಬ ದ್ವಾರವನ್ನು ಆರ್ಡೆಮ್ ಪಟಾಪೂಟಿಯನ್ ಅವರ ಪ್ರಯೋಗಾಲಯ 2010ರಲ್ಲಿ ಗುರುತಿಸಿತು. 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಮನುಷ್ಯನ ಟಿ ಕೋಶಗಳು ಚೆನ್ನಾಗಿ ಪ್ರಚೋದನೆಗೊಳ್ಳಲು ಈ ದ್ವಾರ ಬೇಕೆಂಬುದನ್ನು 2018ರಲ್ಲಿ ವರದಿ ಮಾಡಿದ್ದು ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯಲ್ಲಿ ದೀಪ್ಯಮಾನ ಗಂಗೂಲಿ ಅವರ ತಂಡ. ಉಸಿರಾಟದ ಏರಿಳಿತಕ್ಕೆ ಸದಾ ಒಳಗಾಗುವ ಶ್ವಾಸಕೋಶದಲ್ಲಿ, ರೋಗನಿರೋಧಕ ಕೋಶಗಳಲ್ಲಿ ಪಿಯೆಜೊ1 ಇಲ್ಲದ ಇಲಿಗಳ ಉರಿಯೂತ ಪ್ರತಿಕ್ರಿಯೆ ಕುಗ್ಗುವುದು ಮರುವರ್ಷ ಕಂಡುಬಂತು. ಸುತ್ತಲಿನ ಮೈ ಎಷ್ಟು ಗಡುಸಾಗಿದೆ ಎಂಬುದರ ಪರಿಣಾಮ ಮಾತ್ರ ಸರಳ ಗೆರೆಯಲ್ಲಿ ಕೂರುವುದಿಲ್ಲ. 2012ರಲ್ಲಿ ವರದಿಯಾದ ಎರಡು ಪ್ರಯೋಗಗಳಲ್ಲಿ, ಇಲಿಯ ಟಿ ಕೋಶಗಳು ಗಡುಸು ತಳದ ಮೇಲೆ ಹೆಚ್ಚು ಸ್ಪಂದಿಸಿದರೆ, ಮನುಷ್ಯನ ಟಿ ಕೋಶಗಳು ಮೆದು ತಳದ ಮೇಲೆ ಹೆಚ್ಚು ಸಂಖ್ಯೆಯಲ್ಲಿ ಬೆಳೆದವು. ಎರಡರ ತಳಗಳ ವಸ್ತುವೂ ಗಡಸುತನದ ವ್ಯಾಪ್ತಿಯೂ ಬೇರೆ ಬೇರೆ. ಚಿಕಿತ್ಸೆಗಾಗಿ ಕೋಶ ಬೆಳೆಸುವವರು ಇದನ್ನು ಗಮನದಲ್ಲಿಡಲೇಬೇಕು.

ಚಿಕಿತ್ಸೆಯಲ್ಲಿ ಬಲವನ್ನು ಮರೆತರೆ ಏನಾಗಬಹುದು ಎಂಬುದಕ್ಕೆ ಒಂದು ದಾರುಣ ಉದಾಹರಣೆಯಿದೆ. ಮೇಜ್-ಎ3 ಎಂಬ ಕ್ಯಾನ್ಸರ್ ಪ್ರೋಟೀನಿನ ವಿರುದ್ಧ, ಹಿಡಿತವನ್ನು ಕೃತಕವಾಗಿ ಬಲಪಡಿಸಿದ ಗ್ರಾಹಿಯುಳ್ಳ ಟಿ ಕೋಶಗಳನ್ನು ರೋಗಿಗಳಿಗೆ ಕೊಡಲಾಯಿತು. ಆ ಗ್ರಾಹಿ ಹೃದಯದ ಸ್ನಾಯುವಿನ ಟೈಟಿನ್ ಎಂಬ ಪ್ರೋಟೀನಿನ ಚೂರನ್ನೂ ಹಿಡಿಯಿತು. ಇಬ್ಬರು ರೋಗಿಗಳು ಹೃದಯಕ್ಕೆ ತೀವ್ರ ಹಾನಿಯಾಗಿ ತೀರಿಕೊಂಡರು. 2013ರಲ್ಲಿ ಇದು ವರದಿಯಾಯಿತು. ಹಿಡಿತ ಗಟ್ಟಿಯಾದರೆ ಸಾಕು ಎಂಬ ಎಣಿಕೆ ತಪ್ಪಾಗಿತ್ತು. 2022ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟಫರ್ ಗಾರ್ಸಿಯಾ ಮತ್ತು ಸಂಗಡಿಗರು ಅದೇ ಗುರಿಗೆ ಬೇರೆ ದಾರಿ ಹಿಡಿದರು. ಎಳೆತವಿಲ್ಲದಾಗಿನ ಹಿಡಿತವನ್ನು ಸಹಜ ಮಟ್ಟದಲ್ಲೇ ಇಟ್ಟು, ಎಳೆದಾಗ ಮಾತ್ರ ಬಿಗಿಯುವಂತೆ ಗ್ರಾಹಿಯನ್ನು ಮಾರ್ಪಡಿಸಿದರು. ಹೊಸ ಗ್ರಾಹಿಗಳು ಮೂಲಕ್ಕಿಂತ ಚೆನ್ನಾಗಿ ಕ್ಯಾನ್ಸರ್ ಕೋಶಗಳನ್ನು ಕೊಂದವು. ಟೈಟಿನ್ ಕಡೆಗೆ ಅವು ತಿರುಗಿದ ಕುರುಹು ಪ್ರಯೋಗಾಲಯದಲ್ಲಿ ಸಿಗಲಿಲ್ಲ.

ಬಲದ ಯಂತ್ರವೇ ಹುಟ್ಟಿನಿಂದ ಕೆಟ್ಟಿದ್ದರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ವಿಸ್ಕಾಟ್-ಆಲ್ಡ್ರಿಚ್ ಸಿಂಡ್ರೋಮ್ ತಿಳಿಸುತ್ತದೆ. ಮ್ಯೂನಿಕ್‌ನ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ 1937ರಲ್ಲಿ ಮೂವರು ಸಹೋದರರ ವಿವರ ಬರೆದರು. ಮೂವರಿಗೂ ರಕ್ತಸ್ರಾವ, ಇಸುಬು, ಮತ್ತೆ ಮತ್ತೆ ಕಿವಿ ಸೋರುವ ಸೋಂಕು. ಮೂವರೂ ಎಳವೆಯಲ್ಲೇ ತೀರಿಕೊಂಡರು. ಅವರ ಸಹೋದರಿಯರಿಗೆ ಏನೂ ಆಗಿರಲಿಲ್ಲ. 1954ರಲ್ಲಿ ರಾಬರ್ಟ್ ಆಲ್ಡ್ರಿಚ್ ಇದು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ ಎಂದು ಒಂದು ಕುಟುಂಬದ ಹಲವು ತಲೆಮಾರುಗಳಿಂದ ಸಾಧಿಸಿದರು. 1994ರಲ್ಲಿ ಜೀನ್ ಸಿಕ್ಕಿತು. ಅದು ತಯಾರಿಸುವ ವಾಸ್ಪ್ ಎಂಬ ಪ್ರೋಟೀನು, ಇರುವ ಆಕ್ಟಿನ್ ಎಳೆಯ ಪಕ್ಕದಿಂದ ಹೊಸ ಕವಲು ಒಡೆಯಲು ಅಪ್ಪಣೆ ಕೊಡುತ್ತದೆ. ವಾಸ್ಪ್ ಇಲ್ಲದ ಟಿ ಕೋಶದಲ್ಲಿ ಗ್ರಾಹಿಗಳ ಜಾಗದ ಆಕ್ಟಿನ್ ಪುಂಜಗಳು ಏಳುವುದಿಲ್ಲ, ಕೊಲ್ಲುವ ಕೋಶ ಎದುರಾಳಿಯ ಮೈಗೆ ಒತ್ತಿ ಚುಚ್ಚುವ ಚಾಚುಗಳೂ ಮೂಡುವುದಿಲ್ಲ. ರೋಗಿಯ ರಕ್ತದಲ್ಲಿ ಟಿ ಕೋಶಗಳು ಇರುತ್ತವೆ, ಅವುಗಳ ಮೇಲೆ ಗ್ರಾಹಿಗಳೂ ಇರುತ್ತವೆ. ಬಲ ಸಾಲದೆ ಅವು ಕೆಲಸಕ್ಕೆ ಬರುವುದಿಲ್ಲ.

ಈ ಕಾಯಿಲೆಗೆ ಇಂದು ದಾರಿಯಿದೆ. ಹೊಂದುವ ದಾನಿಯ ಅಸ್ಥಿಮಜ್ಜೆ ಕಸಿ ಮಾಡಿದರೆ, ಅದರಲ್ಲೂ ಮಗು ಚಿಕ್ಕದಿರುವಾಗಲೇ ಮಾಡಿದರೆ, ಗುಣವಾಗುವ ಸಾಧ್ಯತೆ ಹೆಚ್ಚು. ರೋಗಿಯದೇ ಆಕರ ಕೋಶಗಳಲ್ಲಿ ಸರಿಯಾದ ಜೀನ್ ಸೇರಿಸಿ ಮೂರು ಮಕ್ಕಳಿಗೆ ಚಿಕಿತ್ಸೆ ನೀಡಿದ ಫಲಿತಾಂಶವನ್ನು ಇಟಲಿಯ ಮಿಲಾನಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ತೊಡಕು ಇರುವುದು ಗುರುತಿಸುವುದರಲ್ಲಿ. ಪ್ಲೇಟ್‌ಲೆಟ್ ಕಡಿಮೆಯಾಗುವ ಬೇರೊಂದು ಸಾಮಾನ್ಯ ತೊಂದರೆಯೆಂದು ತಿಳಿದು ವರ್ಷಗಟ್ಟಲೆ ಚಿಕಿತ್ಸೆ ನಡೆಯುವುದುಂಟು. ಆದರೆ ವಿಸ್ಕಾಟ್-ಆಲ್ಡ್ರಿಚ್‌ನಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಮಾತ್ರವಲ್ಲ, ಗಾತ್ರವೂ ಸಣ್ಣದು; ಸಾಧಾರಣ ರಕ್ತಪರೀಕ್ಷೆಯ ವರದಿಯಲ್ಲೇ ಆ ಅಳತೆ ಅಚ್ಚಾಗಿರುತ್ತದೆ, ಸಂಖ್ಯೆ ತೀರ ಇಳಿದು ಯಂತ್ರ ಗಾತ್ರವನ್ನು ತೋರಿಸದಿದ್ದರೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಮೈಮೇಲೆ ರಕ್ತದ ಚುಕ್ಕೆಗಳು, ವಾಸಿಯಾಗದ ಇಸುಬು, ಪದೇ ಪದೇ ಸೋಂಕು ಇವು ಒಟ್ಟಿಗೆ ಕಂಡ ಗಂಡುಮಗುವಿನ ವರದಿಯಲ್ಲಿ ಪ್ಲೇಟ್‌ಲೆಟ್ ಗಾತ್ರದ ಸಾಲನ್ನು ಓದದೆ ಬಿಡಬಾರದು. ಅದು ಸಣ್ಣದಿದ್ದರೆ ಜೀನ್ ಪರೀಕ್ಷೆಗೆ ತಡ ಮಾಡಬಾರದು.